ವಾಷಿಂಗ್ ಮೆಷಿನ್ ಕುಣಿದರೆ ಮೊದಲು ನೆಲ ನೋಡಿ

ಚೆನ್ನೈನ ಅಪಾರ್ಟ್‌ಮೆಂಟುಗಳಲ್ಲಿ ವಾಷಿಂಗ್ ಮೆಷಿನ್ ಇರುವುದು ಹೆಚ್ಚಾಗಿ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ಇಲ್ಲವೇ ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ. ಆ ಜಾಗದ ನೆಲ ಸಮತಟ್ಟಾಗಿರುವುದಿಲ್ಲ, ಇರಲೂಬಾರದು. ಪಾತ್ರೆ ತೊಳೆದ ನೀರು, ಮಳೆಯ ಎರಚಲು ನಿಲ್ಲದೆ ಹರಿದುಹೋಗಲೆಂದು ಮೇಸ್ತ್ರಿಗಳು ನೆಲವನ್ನು ಮೂಲೆಯ ಜಾಲರಿಯ ಕಡೆಗೆ ಬೇಕೆಂದೇ ಇಳಿಜಾರು ಮಾಡಿರುತ್ತಾರೆ. ಅದರ ಮೇಲೆ 60-70 ಕಿಲೋ ತೂಕದ ಫ್ರಂಟ್ ಲೋಡ್ ಮೆಷಿನ್ ತಂದು ನಿಲ್ಲಿಸುತ್ತೇವೆ. ಕೆಲವು ತಿಂಗಳು ಎಲ್ಲ ಸರಿಯಾಗಿರುತ್ತದೆ. ಆಮೇಲೆ ಒಂದು ದಿನ ಸ್ಪಿನ್ ಶುರುವಾದ ಕೂಡಲೇ ಧಡಧಡ ಸದ್ದು. ಓಡಿ ಹೋಗಿ ನೋಡಿದರೆ ಮೆಷಿನ್ ಗೋಡೆಯಿಂದ ಒಂದು ಗೇಣು ಮುಂದೆ ಬಂದಿರುತ್ತದೆ. ಕೆಳಗಿನ ಮನೆಯವರು ಬಂದು ಬೆಲ್ ಒತ್ತುತ್ತಾರೆ.

ಇಂಥ ಹೊತ್ತಿನಲ್ಲಿ ಮೆಕ್ಯಾನಿಕ್‌ಗೆ ಫೋನ್ ಮಾಡುವವರೇ ಹೆಚ್ಚು. ಮೆಷಿನ್ ಹಳೆಯದಾದರೆ ಹೊಸದನ್ನೇ ಕೊಳ್ಳೋಣ ಎನ್ನುವ ಮಾತೂ ಬರುತ್ತದೆ. ಎರಡಕ್ಕೂ ಮೊದಲು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ ಎಂಬುದು ನನ್ನ ಕೇಳಿಕೆ. ಬಹಳಷ್ಟು ಸಲ ದೋಷ ಮೆಷಿನ್ನಿನ ಒಳಗಿರುವುದಿಲ್ಲ; ಅದು ನಿಂತ ನೆಲದಲ್ಲಿ, ಅದರ ಕಾಲಿನಲ್ಲಿ, ನಾವು ತುಂಬಿದ ಬಟ್ಟೆಯಲ್ಲಿ ಇರುತ್ತದೆ. ಒಂದು ಸ್ಪ್ಯಾನರ್, ಒಂದು ರಸಮಟ್ಟ, ಹಿಡಿದುಕೊಳ್ಳಲು ಇನ್ನೊಬ್ಬರು ಇದ್ದರೆ ಅದು ಮನೆಯಲ್ಲೇ ಸರಿಹೋಗುತ್ತದೆ. ದೋಷ ಒಳಗೇ ಇದ್ದರೆ ಅದನ್ನೂ ಸದ್ದಿನಿಂದಲೇ ಗುರುತಿಸಬಹುದು. ಆಗ ಮಾತ್ರ ಒಂದು ದಿನವೂ ತಡಮಾಡಬಾರದು.

ಮೆಷಿನ್ ಇಷ್ಟು ಜೋರಾಗಿ ಅಲುಗುವುದು ಏಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಡ್ರಮ್ಮಿನ ಅಡ್ಡಳತೆ ಸುಮಾರು 50 ಸೆಂಟಿಮೀಟರ್ ಎಂದುಕೊಳ್ಳಿ. ಅದು ನಿಮಿಷಕ್ಕೆ 1200 ಸುತ್ತು ತಿರುಗುವಾಗ ಒಂದು ಬದಿಯಲ್ಲಿ ಅರ್ಧ ಕಿಲೋ ಒದ್ದೆ ಬಟ್ಟೆ ಹೆಚ್ಚಾಗಿ ಕೂತಿದ್ದರೆ, ಆ ಬಟ್ಟೆ ಡ್ರಮ್ಮನ್ನು ಹೊರಕ್ಕೆ ಎಳೆಯುವ ಬಲ ಸುಮಾರು 200 ಕಿಲೋ ತೂಕಕ್ಕೆ ಸಮ. ಸೆಕೆಂಡಿಗೆ 20 ಸಲ ಆ ಎಳೆತ ದಿಕ್ಕು ಬದಲಿಸುತ್ತ ಸುತ್ತುತ್ತದೆ. ವೇಗವನ್ನು ಅರ್ಧಕ್ಕೆ, ಅಂದರೆ 600 ಸುತ್ತಿಗೆ ಇಳಿಸಿದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. 200 ಇದ್ದದ್ದು 50 ಆಗುತ್ತದೆ. ದೋಷ ಏನೆಂದು ಗೊತ್ತಾಗುವ ತನಕ ಕಡಿಮೆ ವೇಗದ ಸ್ಪಿನ್ ಇಟ್ಟುಕೊಳ್ಳಿ ಎಂದು ಹೇಳುವುದು ಇದಕ್ಕಾಗಿ.

ಕೆಲಸಕ್ಕೆ ಕೈಹಾಕುವ ಮೊದಲು ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ನೀರಿನ ಟ್ಯಾಪ್ ಮುಚ್ಚಿ. ಮೆಷಿನ್ ಬಾಗಿಸುವಾಗ, ಎಳೆಯುವಾಗ ಒಬ್ಬರೇ ಇರಬೇಡಿ. ಹಿಂದಿನ ತಗಡು ಬಿಚ್ಚಿ ವೈರುಗಳ ನಡುವೆ ಕೈ ಹಾಕುವುದು ಬೇಡ. ಕೆಪಾಸಿಟರ್ ಇರುವ ಮೆಷಿನ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಈ ಲೇಖನದಲ್ಲಿ ನಾನು ಹೇಳುವ ಮನೆಗೆಲಸಗಳಿಗೆ ಹಿಂದಿನ ತಗಡು ಬಿಚ್ಚುವ ಅಗತ್ಯವೇ ಇಲ್ಲ.

ಇನ್ನು ಕಿವಿಗೊಟ್ಟು ಕೇಳಿ. ಸದ್ದು ಯಾವ ಹಂತದಲ್ಲಿ ಬರುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇದೆ. ನೀರು ತುಂಬಿ ನಿಂತ ಕ್ಷಣ ಗೋಡೆಯ ಕಡೆಯಿಂದ ‘ಡಬ್’ ಎಂದರೆ ಅದು ಪೈಪಿನ ಸದ್ದು. ಟ್ಯಾಪನ್ನು ಸ್ವಲ್ಪ ತಿರುಗಿಸಿ ನೀರಿನ ಒತ್ತಡ ತಗ್ಗಿಸಿದರೆ ಮುಗಿಯಿತು. ನೀರು ಹೊರಹೋಗುವಾಗ ಕರಕರ ಎಂದರೆ ಪಂಪಿನಲ್ಲಿ ಏನೋ ಸಿಕ್ಕಿದೆ. ಡ್ರಮ್ ನಿಧಾನಕ್ಕೆ ತಿರುಗುವಾಗ ಸುತ್ತಿಗೊಮ್ಮೆ ಟಕ್, ಟಕ್ ಎಂದರೆ ನಾಣ್ಯವೋ ಪಿನ್ನೋ ಡ್ರಮ್ಮಿಗೂ ಹೊರತೊಟ್ಟಿಗೂ ನಡುವೆ ಸೇರಿಕೊಂಡಿರಬಹುದು. ಸ್ಪಿನ್ ಆರಂಭದಲ್ಲಿ ಮಾತ್ರ ಧಡಧಡ ಹೊಡೆದು ವೇಗ ಏರಿದ ಮೇಲೆ ತಣ್ಣಗಾದರೆ ಬಟ್ಟೆಯ ಹಂಚಿಕೆಯನ್ನೂ ಶಾಕ್ ಅಬ್ಸಾರ್ಬರನ್ನೂ ಅನುಮಾನಿಸಬೇಕು. ವೇಗ ಏರಿದಂತೆ ಸದ್ದೂ ಏರುತ್ತಾ ವಿಮಾನ ಹೊರಟ ಹಾಗೆ ಗುಂಯ್‌ಗುಟ್ಟಿದರೆ ಬೇರಿಂಗ್ ಹೋಗಿದೆ.

ಬಟ್ಟೆಯ ವಿಚಾರ ಬೇಗ ಮುಗಿಸಬಹುದು, ಆದರೆ ತಪ್ಪಾಗುವುದು ಇಲ್ಲೇ ಹೆಚ್ಚು. ಒಂದೇ ಒಂದು ಬಾತ್ ಮ್ಯಾಟ್, ಒಂದೇ ಜಮಖಾನ, ಒಂದೇ ದಪ್ಪ ಬೆಡ್‌ಶೀಟ್ ಹಾಕಿ ಸ್ಪಿನ್ ಕೊಟ್ಟರೆ ಅದು ನೀರು ಕುಡಿದು ಒಂದು ಕಡೆ ಉಂಡೆಯಾಗಿ ಕೂರುತ್ತದೆ. ಯಾವ ಹೊಸ ಮೆಷಿನ್ನೂ ಅದನ್ನು ತಾಳಲಾರದು. ಜೊತೆಗೆ ನಾಲ್ಕಾರು ಟವೆಲ್, ಬನಿಯನ್ನು ಹಾಕಿ. ಪಂಚೆ, ದುಪ್ಪಟ್ಟಾ ಮುಂತಾದ ಉದ್ದನೆಯವು ಬೇರೆ ಬಟ್ಟೆಗಳನ್ನು ಸುತ್ತಿ ಗಂಟುಮಾಡುತ್ತವೆ. ನಡುವೆ ನಿಲ್ಲಿಸಿ ಬಿಡಿಸುವುದೇ ದಾರಿ. ಫ್ರಂಟ್ ಲೋಡ್‌ನಲ್ಲಿ ಬಟ್ಟೆ ತುಂಬಿದ ಮೇಲೆ ಮೇಲುಗಡೆ ಅಂಗೈ ನೆಟ್ಟಗೆ ನಿಲ್ಲುವಷ್ಟು ಜಾಗ ಉಳಿದಿರಬೇಕು. ಭಾರ ಒಂದು ಕಡೆ ಕೂತದ್ದನ್ನು ಈಗಿನ ಮೆಷಿನ್‌ಗಳು ತಾವೇ ಗುರುತಿಸಿ ಸ್ಪಿನ್ ನಿಲ್ಲಿಸುತ್ತವೆ. ಕೆಲವು ಕಂಪನಿಗಳ ಮೆಷಿನ್‌ನಲ್ಲಿ ಪರದೆಯ ಮೇಲೆ ‘ಯುಇ’ ಎಂಬ ಅಕ್ಷರಗಳು ಬರುತ್ತವೆ. ಅದು ಕೆಟ್ಟುಹೋದ ಸೂಚನೆ ಅಲ್ಲ, ಬಟ್ಟೆ ಹರಡಿ ಹಾಕಿ ಎಂಬ ಸೂಚನೆ.

ರೇನ್‌ಕೋಟ್, ನೀರು ಇಳಿಯದ ಹಾಸಿಗೆ ಕವರ್, ಮಗುವಿನ ರಬ್ಬರ್ ಶೀಟ್ ಇವನ್ನು ಮಾತ್ರ ಸ್ಪಿನ್ನಿಗೆ ಹಾಕಲೇಬೇಡಿ. ಅವುಗಳ ಮಡಿಕೆಯಲ್ಲಿ ನಿಂತ ನೀರು ತೂತಿನಿಂದ ಹೊರಹೋಗಲಾರದೆ, ಪೂರ್ತಿ ವೇಗದಲ್ಲಿ ಒಮ್ಮೆಲೇ ಜಾಗ ಬದಲಿಸುತ್ತದೆ. ಇದು ಸಣ್ಣ ಅಪಾಯವಲ್ಲ. ಸ್ಪಿನ್ ಹೊತ್ತಿನ ಅತಿಯಾದ ಅಲುಗಾಟಕ್ಕೆ ಮೇಲ್ಭಾಗವೇ ಕಿತ್ತುಬರಬಹುದು ಎಂಬ ಕಾರಣಕ್ಕೆ 2016ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ಕಂಪನಿ ಸುಮಾರು 28 ಲಕ್ಷ ಟಾಪ್ ಲೋಡ್ ಮೆಷಿನ್‌ಗಳನ್ನು ಹಿಂಪಡೆಯಬೇಕಾಯಿತು. ಹೊದಿಕೆಯಂಥ ಭಾರದ ಬಟ್ಟೆಗಳಿಗೆ ಕಡಿಮೆ ವೇಗವನ್ನೇ ಬಳಸಿ ಎಂದು ಆಗ ಅಲ್ಲಿನ ಗ್ರಾಹಕರಿಗೆ ಹೇಳಲಾಗಿತ್ತು. ಆ ಮಾತು ನಮಗೂ ಸಲ್ಲುತ್ತದೆ.

ಈಗ ನೆಲ ಮತ್ತು ಕಾಲು. ಇದನ್ನು ತಾಳ್ಮೆಯಿಂದ ಮಾಡಬೇಕು.

ಮೆಷಿನ್ ಖಾಲಿ ಇರಲಿ. ಮೇಲುಗಡೆ ಎರಡು ಎದುರುಬದಿರು ಮೂಲೆಗಳ ಮೇಲೆ ಅಂಗೈ ಇಟ್ಟು ಒಂದಾದ ಮೇಲೊಂದು ಒತ್ತಿ. ಆಮೇಲೆ ಉಳಿದೆರಡು ಮೂಲೆಗಳನ್ನೂ ಹಾಗೇ ಒತ್ತಿ. ಎಲ್ಲಾದರೂ ಟಕ್ಕೆಂದು ಕೂತು ಎದ್ದರೆ ಒಂದು ಕಾಲು ನೆಲಕ್ಕೆ ತಾಗಿಲ್ಲ ಎಂದರ್ಥ. ರಸಮಟ್ಟವನ್ನು ಮೊದಲು ಎಡಬಲಕ್ಕೆ, ಆಮೇಲೆ ಹಿಂದುಮುಂದಕ್ಕೆ ಇಟ್ಟು ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಣ್ಣದು ಸಾಕು, ಮೊಬೈಲಿನಲ್ಲಿ ಬರುವ ಮಟ್ಟ ತೋರಿಸುವ ಆ್ಯಪ್ ಕೂಡ ನಡೆಯುತ್ತದೆ. ಕಾಲಿನಲ್ಲಿ ಎರಡು ಭಾಗ ಇರುತ್ತವೆ: ನೆಲಕ್ಕೆ ತಾಗುವ ರಬ್ಬರಿನ ಪಾದ, ಅದರ ಮೇಲೆ ಮೆಷಿನ್ನಿನ ತಳಕ್ಕೆ ಅಂಟಿಕೊಂಡ ಒಂದು ನಟ್ಟು. ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಇನ್ನೊಬ್ಬರು ಮೆಷಿನ್ನನ್ನು ಸ್ವಲ್ಪ ಎತ್ತಿ ಹಿಡಿದಾಗ ಪಾದವನ್ನು ಕಾಲು ಸುತ್ತು, ಅರ್ಧ ಸುತ್ತು ಎಂಬಂತೆ ತಿರುಗಿಸಿ. ಗುಳ್ಳೆ ನಡುವೆ ಬಂದ ಮೇಲೆ ಆ ನಟ್ಟನ್ನು ಮೇಲಕ್ಕೆ ತಿರುಗಿಸುತ್ತ ಹೋಗಿ ತಳಕ್ಕೆ ಬಿಗಿಯಾಗಿ ಒತ್ತಿ ನಿಲ್ಲಿಸಬೇಕು. ಈ ಕೊನೆಯ ಬಿಗಿತವನ್ನೇ ಬಹಳ ಜನ ಮರೆಯುತ್ತಾರೆ. ಮೇಲಿನ ನಟ್ಟು ಸಡಿಲವಿದ್ದರೆ ಪ್ರತಿ ಸ್ಪಿನ್ನಿನಲ್ಲೂ ಪಾದ ತಾನೇ ತಿರುಗುತ್ತಾ ಹೋಗುತ್ತದೆ, ಒಂದು ತಿಂಗಳಲ್ಲಿ ಹಳೆಯ ಕಥೆ ಮತ್ತೆ ಶುರು. ಕಾಲುಗಳು ಹೊರಗೆ ಎಷ್ಟು ಕಡಿಮೆ ಚಾಚಿದ್ದರೆ ಅಷ್ಟು ಗಟ್ಟಿ ಎಂಬುದನ್ನೂ ನೆನಪಿಡಿ. ಕೆಲವು ಮೆಷಿನ್‌ಗಳ ಹಿಂದಿನ ಕಾಲು ತಿರುಗುವುದಿಲ್ಲ. ಅಂಥದ್ದರಲ್ಲಿ ಮುಂದಿನ ಕಾಲುಗಳಿಂದಲೇ ಮಟ್ಟ ತರಬೇಕು. ಕಡೆಗೆ ಖಾಲಿ ಡ್ರಮ್ಮಿನಲ್ಲಿ ಒಮ್ಮೆ, ಅರ್ಧ ಬಟ್ಟೆ ಹಾಕಿ ಇನ್ನೊಮ್ಮೆ ಸ್ಪಿನ್ ಕೊಟ್ಟು ನೋಡಿ.

ಚಕ್ರವಿರುವ ಪ್ಲಾಸ್ಟಿಕ್ ಸ್ಟ್ಯಾಂಡ್ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಗುಡಿಸಲು ಅನುಕೂಲ ಎಂದು ಕೊಳ್ಳುತ್ತಾರೆ. ನನ್ನ ಮಟ್ಟಿಗೆ ಫ್ರಂಟ್ ಲೋಡ್ ಮೆಷಿನ್ನಿಗೆ ಅದು ಬೇಡವೇ ಬೇಡ. ಚಕ್ರದ ಬೀಗ ಎಷ್ಟೇ ಗಟ್ಟಿಯಿದ್ದರೂ ಅಲುಗಾಟವನ್ನು ಅದು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ರಬ್ಬರ್ ಪ್ಯಾಡ್‌ಗಳು ನುಣುಪು ಟೈಲ್ಸ್ ಮೇಲೆ ಜಾರುವುದನ್ನು ತಡೆಯುತ್ತವೆ, ಆದರೆ ಮಟ್ಟ ಸರಿಪಡಿಸಿದ ಮೇಲೆ ಹಾಕಿದರೆ ಮಾತ್ರ. ಕಾಲಿನ ಕೆಳಗೆ ಮಡಚಿದ ರಟ್ಟು, ಮರದ ಚೂರು ತುರುಕುವುದು ಎರಡು ದಿನದ ಪರಿಹಾರ, ಒದ್ದೆಯಾಗಿ ಕುಸಿಯುತ್ತವೆ. ಕಾಲಿಟ್ಟ ಟೈಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟು ಹಿಡಿದಿಲ್ಲ, ಮೆಷಿನ್ನನ್ನು ಬೇರೆ ಟೈಲಿಗೆ ಸರಿಸಬೇಕು.

ಸ್ವಂತ ಮನೆಯಾದರೆ ಎಲ್ಲಕ್ಕಿಂತ ಒಳ್ಳೆಯದು ಒಂದು ಗಟ್ಟಿ ಕಟ್ಟೆ. ಮೆಷಿನ್ನಿಗಿಂತ ಎಲ್ಲ ಕಡೆ ಎರಡು ಮೂರು ಇಂಚು ಅಗಲವಾಗಿ, ಐದಾರು ಇಂಚು ಎತ್ತರಕ್ಕೆ, ಒಳಗೆ ಟೊಳ್ಳಿಲ್ಲದಂತೆ ಕಾಂಕ್ರೀಟು ಹಾಕಿಸಿ, ಮೇಲ್ಮೈಯನ್ನು ರಸಮಟ್ಟ ಇಟ್ಟು ಸಮ ಮಾಡಿಸಿ, ಒಂದು ವಾರ ನೀರುಣಿಸಿ ಆಮೇಲೆ ಮೆಷಿನ್ ಇಡಿ. ಕೆಳಗೆ ಜಾರದ ಹಾಗೆ ಅಂಚು ಸ್ವಲ್ಪ ಎತ್ತರಿಸಿರಲಿ. ಇಳಿಜಾರಿನ ತೊಂದರೆ ಒಮ್ಮೆಗೇ ತೀರುತ್ತದೆ, ತಳ ಒಣಗಿರುವುದರಿಂದ ತುಕ್ಕು ಕಡಿಮೆ, ಜಡಿಮಳೆಯಲ್ಲಿ ಬಾಲ್ಕನಿಯಲ್ಲಿ ನಿಂತ ನೀರೂ ಮೋಟರಿನ ತನಕ ಬರುವುದಿಲ್ಲ. 2015ರ ಡಿಸೆಂಬರ್ ಪ್ರವಾಹದಲ್ಲಿ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲಿ ವೇಳಚ್ಚೇರಿ, ಪಳ್ಳಿಕರಣೈ ಕಡೆಯ ನೆಲಮಹಡಿಯ ಮನೆಗಳಲ್ಲಿ ನಿಂತ ನೀರಿಗೆ ಐದು ಇಂಚಿನ ಕಟ್ಟೆ ಯಾವ ಲೆಕ್ಕಕ್ಕೂ ಇಲ್ಲ, ನಿಜ. ಹಾಗೆ ಮುಳುಗಿದ ಮೆಷಿನ್ನನ್ನು ಹೊರಗೆ ಒಣಗಿತೆಂದು ಪ್ಲಗ್ ಹಾಕಲೇಬೇಡಿ. ಕೆಸರು ಬೇರಿಂಗಿನಲ್ಲಿ, ಮೋಟರಿನಲ್ಲಿ ಕೂತಿರುತ್ತದೆ. ಮೊದಲು ತಿಳಿದವರು ಬಿಚ್ಚಿ ತೊಳೆದು ಪರೀಕ್ಷಿಸಬೇಕು.

ಬೆಂಗಳೂರಿನಿಂದ ಕೆಲಸದ ಮೇಲೆ ಇಲ್ಲಿಗೆ ಬರುವ ಕುಟುಂಬಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಫ್ರಂಟ್ ಲೋಡ್ ಮೆಷಿನ್ನಿನ ಡ್ರಮ್ಮು ಮೇಲೆ ಸ್ಪ್ರಿಂಗ್‌ಗಳಿಂದ ತೊಟ್ಟಿಲಿನಂತೆ ತೂಗುತ್ತಿರುತ್ತದೆ, ಕೆಳಗೆ ಶಾಕ್ ಅಬ್ಸಾರ್ಬರುಗಳು ಅದರ ಓಲಾಟವನ್ನು ಹಿಡಿಯುತ್ತವೆ. ಕಾರ್ಖಾನೆಯಿಂದ ಬರುವಾಗ ಅದು ಅಲುಗದಂತೆ ಹಿಂಬದಿಯಲ್ಲಿ ಮೂರು ನಾಲ್ಕು ಉದ್ದನೆಯ ಬೋಲ್ಟು ಹಾಕಿರುತ್ತಾರೆ. ಅವನ್ನು ತೆಗೆಯದೆ ಓಡಿಸಿದರೆ ಹೊಚ್ಚ ಹೊಸ ಮೆಷಿನ್ ಕೂಡ ಇಡೀ ಮನೆ ನಡುಗಿಸುತ್ತದೆ. ಹೊಸದು ಬಂದ ದಿನವೇ ಹಿಂದೆ ಬಗ್ಗಿ ನೋಡಿ. ತೆಗೆದ ಬೋಲ್ಟುಗಳನ್ನು ಎಸೆಯಬೇಡಿ, ವಾರಂಟಿ ಕಾರ್ಡಿನ ಜೊತೆ ಕಟ್ಟಿಡಿ. ಸುಮಾರು 350 ಕಿಲೋಮೀಟರ್ ಲಾರಿ ಪ್ರಯಾಣದಲ್ಲಿ ಬೋಲ್ಟಿಲ್ಲದ ಡ್ರಮ್ಮು ಗುಂಡಿ ಗುಂಡಿಗೂ ಹೊಡೆದುಕೊಂಡು ಬರುತ್ತದೆ. ಬೆಂಗಳೂರಿನಲ್ಲಿ ಸದ್ದಿಲ್ಲದೆ ಓಡುತ್ತಿದ್ದದ್ದು ಶೋಳಿಂಗನಲ್ಲೂರಿನಲ್ಲಿ ಇಳಿಸಿದ ಮೇಲೆ ಕುಣಿಯಲು ಇದೇ ಕಾರಣ. ಪ್ಯಾಕರ್ಸ್‌ನವರು ತಾವಾಗಿ ಬೋಲ್ಟು ಕೇಳುವುದಿಲ್ಲ, ನೀವೇ ಕೊಟ್ಟು ಹಾಕಿಸಬೇಕು. 11 ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಿ ಇರುವವರಿಗೆ ಈ ಬೋಲ್ಟುಗಳ ಬೆಲೆ ದೊಡ್ಡದು.

ಪಂಪಿನ ಕರಕರ ಸದ್ದಿಗೆ ಮದ್ದು ಸುಲಭ. ಫ್ರಂಟ್ ಲೋಡ್‌ನ ಮುಂಭಾಗದಲ್ಲಿ, ಸಾಮಾನ್ಯವಾಗಿ ಬಲಗಡೆ ಕೆಳಗೆ, ಒಂದು ಸಣ್ಣ ಮುಚ್ಚಳ ಇರುತ್ತದೆ. ಬಿಸಿನೀರಿನಲ್ಲಿ ಒಗೆದಿದ್ದರೆ ಆರುವ ತನಕ ಕಾಯಿರಿ. ಕೆಳಗೆ ಅಗಲವಾದ ತಟ್ಟೆ, ಹಳೆಯ ಟವೆಲ್ ಇಟ್ಟು ಮುಚ್ಚಳ ತೆಗೆದರೆ ಒಳಗೆ ತಿರುಗಿಸುವ ಬಿರಡೆ ಕಾಣುತ್ತದೆ. ಒಮ್ಮೆಗೇ ಬಿಚ್ಚಬೇಡಿ. ಸ್ವಲ್ಪ ಸಡಿಲಿಸಿ ನೀರು ತಟ್ಟೆಗೆ ಇಳಿಯಲು ಬಿಟ್ಟು, ತಟ್ಟೆ ತುಂಬಿದಾಗ ಬಿಗಿದು, ಚೆಲ್ಲಿ ಬಂದು ಮತ್ತೆ ಸಡಿಲಿಸಿ. ಹೊರಬರುವುದು ಏನೇನೆಂದು ನೋಡಿ: ಕೂದಲು ಸುತ್ತಿದ ಸೇಫ್ಟಿ ಪಿನ್ನು, ಒಂದು ರೂಪಾಯಿ ನಾಣ್ಯ, ಬ್ಲೌಸಿನ ಹುಕ್ಕು, ಶರ್ಟಿನ ಗುಂಡಿ, ಒಳಉಡುಪಿನಿಂದ ಕಿತ್ತುಬಂದ ತಂತಿ. ಬಿರಡೆ ತೆಗೆದ ಗೂಡಿನೊಳಗೆ ಟಾರ್ಚು ಬಿಟ್ಟು, ಅಲ್ಲಿ ಕಾಣುವ ಪುಟ್ಟ ರೆಕ್ಕೆಚಕ್ರ ಸರಾಗವಾಗಿ ತಿರುಗುತ್ತದೆಯೇ ಎಂದು ಕಡ್ಡಿಯಿಂದ ನೋಡಿ. ಟಾಪ್ ಲೋಡ್ ಮತ್ತು ಸೆಮಿ ಆಟೊಮ್ಯಾಟಿಕ್‌ಗಳಲ್ಲಿ ತಳದ ತಿರುಗುವ ಚಕ್ರದ ಕೆಳಗೆ ಇವೇ ಸೇರಿಕೊಳ್ಳುತ್ತವೆ. ನಡುವಿನ ಒಂದು ಸ್ಕ್ರೂ ಬಿಚ್ಚಿದರೆ ಸಾಮಾನ್ಯವಾಗಿ ಚಕ್ರ ಮೇಲೆ ಬರುತ್ತದೆ. ಸೆಮಿ ಆಟೊಮ್ಯಾಟಿಕ್‌ನ ಸ್ಪಿನ್ ತೊಟ್ಟಿಯಲ್ಲಿ ಬಟ್ಟೆಯ ಮೇಲೆ ಒತ್ತಿಡುವ ದುಂಡನೆಯ ಪ್ಲಾಸ್ಟಿಕ್ ತಟ್ಟೆಯನ್ನು ಕಳೆದುಕೊಂಡವರು ಅದನ್ನು ಮತ್ತೆ ತಂದುಕೊಳ್ಳಿ. ಅದಿಲ್ಲದೆ ಬಟ್ಟೆ ಮೇಲೆದ್ದು ತೊಟ್ಟಿ ಓಲಾಡುತ್ತದೆ.

ನೆಲ, ಕಾಲು, ಬಟ್ಟೆ, ಪಂಪು ಎಲ್ಲ ಸರಿಯಿದ್ದೂ ಅಲುಗಾಟ ನಿಲ್ಲದಿದ್ದರೆ ಡ್ರಮ್ಮನ್ನು ಹಿಡಿದಿಡುವ ಭಾಗಗಳತ್ತ ಬರಬೇಕು. ಫ್ರಂಟ್ ಲೋಡ್‌ನ ಬಾಗಿಲು ತೆಗೆದು ಡ್ರಮ್ಮನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಥಟ್ಟನೆ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಶಾಕ್‌ಗಳು ಚೆನ್ನಾಗಿವೆ. ಎರಡು ಮೂರು ಸಲ ಮೇಲೆ ಕೆಳಗೆ ತೂಗಿದರೆ ಹೋಗಿವೆ. ಟಾಪ್ ಲೋಡ್‌ನಲ್ಲಿ ನಾಲ್ಕು ಮೂಲೆಗಳಿಂದ ಇಳಿಬಿದ್ದ ಸಸ್ಪೆನ್ಷನ್ ರಾಡ್‌ಗಳು ಈ ಕೆಲಸ ಮಾಡುತ್ತವೆ. ತೊಟ್ಟಿ ಒಂದು ಮೂಲೆಗೆ ವಾಲಿದ್ದರೆ ಆ ಕಡೆಯದು ಸೋತಿದೆ. ಒಂದನ್ನೇ ಬದಲಿಸಬೇಡಿ, ನಾಲ್ಕನ್ನೂ ಒಟ್ಟಿಗೆ ಹಾಕಿಸಿ. ಹಳೆಯ ಮೂರು, ಹೊಸದೊಂದು ಸೇರಿದರೆ ತೊಟ್ಟಿ ಮತ್ತೆ ವಾಲುತ್ತದೆ. ಫ್ರಂಟ್ ಲೋಡ್‌ನ ಶಾಕ್‌ಗಳಿಗೂ ಇದೇ ನಿಯಮ. ಡ್ರಮ್ಮಿನ ಸುತ್ತ ಕಟ್ಟಿದ ಕಾಂಕ್ರೀಟಿನ ಭಾರಗಳ ಬೋಲ್ಟು ಸಡಿಲವಾದರೂ ಧಡಾರ್ ಸದ್ದು ಬರುತ್ತದೆ. ಅದನ್ನು ಮೆಕ್ಯಾನಿಕ್ ಬಂದಾಗ ನೆನಪಿಸಿ.

ಬೇರಿಂಗ್ ಪರೀಕ್ಷೆಯೂ ಕೈಯಿಂದಲೇ. ಖಾಲಿ ಡ್ರಮ್ಮಿನ ಬಾಯಂಚನ್ನು ಹಿಡಿದು ಮೇಲಕ್ಕೆ ಎತ್ತಿ. ಒಳಡ್ರಮ್ಮೂ ಹೊರತೊಟ್ಟಿಯೂ ಒಟ್ಟಿಗೆ ಎದ್ದರೆ ತೊಂದರೆಯಿಲ್ಲ. ಒಳಡ್ರಮ್ಮು ಮಾತ್ರ ಲಡಲಡ ಅಲುಗಿದರೆ ಬೇರಿಂಗ್ ಇಲ್ಲವೇ ಡ್ರಮ್ಮಿನ ಬೆನ್ನಿಗಿರುವ ಮೂರು ತೋಳಿನ ಸ್ಪೈಡರ್ ಹೋಗಿದೆ. ಬಟ್ಟೆಯ ಮೇಲೆ ಕಂದು ಅಥವಾ ಬೂದು ಜಿಡ್ಡಿನ ಕಲೆ, ಮೆಷಿನ್ನಿನ ಕೆಳಗೆ ತುಕ್ಕು ನೀರು ಕಂಡರೆ ಅನುಮಾನವೇ ಬೇಡ. ಅಲ್ಲಿಂದ ಮುಂದೆ ಒಂದು ಸ್ಪಿನ್ನನ್ನೂ ಕೊಡಬೇಡಿ. ಸ್ಪೈಡರ್ ಮುರಿದರೆ ಡ್ರಮ್ಮು ಹೊರತೊಟ್ಟಿಯನ್ನೇ ಸೀಳುತ್ತದೆ, ಆಮೇಲೆ ರಿಪೇರಿಯ ಮಾತಿಲ್ಲ.

ಚೆನ್ನೈನಲ್ಲಿ ಈ ಭಾಗ ಬೇಗ ಸೋಲಲು ನೀರಿನ ಪಾಲು ದೊಡ್ಡದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ಸಹಿಸಬಹುದು. ಕಡಲ ಬದಿಯ ಬೋರ್‌ವೆಲ್‌ಗಳಲ್ಲಿ ಉಪ್ಪು ಸೇರಿದೆ, ಒಎಂಆರ್ ರಸ್ತೆಯ ಉದ್ದಕ್ಕೂ ಹಲವು ಅಪಾರ್ಟ್‌ಮೆಂಟುಗಳು ಲಾರಿ ನೀರನ್ನೇ ನಂಬಿವೆ. ಗಡಸು ನೀರಿನಲ್ಲಿ ನೊರೆ ಬಾರದೆಂದು ಇನ್ನೊಂದು ಚಮಚ ಪುಡಿ ಹಾಕುತ್ತೇವೆ. ಕರಗದೆ ಉಳಿದ ಪುಡಿ, ಸುಣ್ಣ, ಉಪ್ಪು ಸೇರಿ ಡ್ರಮ್ಮಿನ ಬೆನ್ನಿಗೆ ಅಂಟಾಗಿ ಕೂರುತ್ತವೆ. ಸ್ಪೈಡರ್ ಹೆಚ್ಚಿನ ಮೆಷಿನ್‌ಗಳಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ್ದು, ಡ್ರಮ್ಮು ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹಗಳು ಉಪ್ಪು ನೀರಿನಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತಾ ಬರುತ್ತದೆ. ಆದ್ದರಿಂದ ಪುಡಿಯ ಬದಲು ಲಿಕ್ವಿಡ್ ಬಳಸಿ, ಒಂದು ಹೆಚ್ಚುವರಿ ಜಾಲಿಸುವಿಕೆ ಇಡಿ, ತಿಂಗಳಿಗೊಮ್ಮೆ ಖಾಲಿ ಡ್ರಮ್ಮನ್ನು ಕಂಪನಿ ಹೇಳಿದ ಡಿಸ್ಕೇಲಿಂಗ್ ಪುಡಿ ಹಾಕಿ ಬಿಸಿನೀರಿನಲ್ಲಿ ಓಡಿಸಿ. ಆ ಪುಡಿಯ ಜೊತೆ ಬ್ಲೀಚ್ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಒಗೆತ ಮುಗಿದ ಮೇಲೆ ಬಾಗಿಲು ತೆರೆದಿಡಿ. ಬೆಸೆಂಟ್ ನಗರ, ತಿರುವಾನ್ಮಿಯೂರು, ಸಾಂಥೋಮ್‌ನಂಥ ಕಡಲ ಬದಿಯಲ್ಲಿ ಗಾಳಿಯೇ ತಗಡು ತಿನ್ನುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ತಳದ ಅಂಚನ್ನು ಒರೆಸಿ ಒಣಗಿಸುವುದು ತುಕ್ಕಿಗೆ ಒಳ್ಳೆಯ ತಡೆ. ಇಲಿ ಬರುವ ಕಡೆ ತಳಕ್ಕೆ ಜಾಲರಿ ಹಾಕಿಸಿ.

ಶಾಕ್, ಬೇರಿಂಗ್, ಸ್ಪೈಡರ್ ಮೆಕ್ಯಾನಿಕ್ ಕೆಲಸ. ಕರೆಯುವ ಮೊದಲು ಹಿಂದಿನ ಸ್ಟಿಕರಿನಲ್ಲಿರುವ ಮಾಡೆಲ್ ನಂಬರಿನ ಫೋಟೊ ತೆಗೆದಿಡಿ, ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಅವರು ಬಂದಾಗ ಸದ್ದು ಬಾರದೆ ಇರುವುದೂ ಉಂಟು. ಜಾಹೀರಾತಿನಲ್ಲಿ ಕಾಣುವ 10 ವರ್ಷದ ವಾರಂಟಿ ಸಾಮಾನ್ಯವಾಗಿ ಮೋಟರಿಗೆ ಮಾತ್ರ, ಬೇರಿಂಗಿಗಲ್ಲ. ಕೆಲವು ಮಾಡೆಲ್‌ಗಳಲ್ಲಿ ಹೊರತೊಟ್ಟಿಯನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ, ಬೇರಿಂಗ್ ಒಂದಕ್ಕಾಗಿ ಇಡೀ ತೊಟ್ಟಿ ಬದಲಿಸಬೇಕಾಗುತ್ತದೆ. ಖರ್ಚನ್ನು ಮುಂಚೆಯೇ ಬರೆಸಿಕೊಂಡು, ಹೊಸದರ ಬೆಲೆಯೊಂದಿಗೆ ತೂಗಿ ನೋಡಿ ತೀರ್ಮಾನಿಸಿ. ಕೆಪಾಸಿಟರ್‌ನಂಥ ಎಲೆಕ್ಟ್ರಾನಿಕ್ ಬಿಡಿಭಾಗ ಬೇಕಾದರೆ ಅಣ್ಣಾ ಸಾಲೈ ಬಳಿಯ ರಿಚಿ ಸ್ಟ್ರೀಟ್ ಇದೆ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ.

ರಿಪೇರಿ ಬಗ್ಗೆ ಕಂಪನಿಗಳು ಕೊಡುವ ಮಾಹಿತಿಯನ್ನು ಒಂದೆಡೆ ಸೇರಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಹಾಕಿದ ಹೊಸ ಭಾಗದ ಹೆಸರು ಬರೆದ ಬಿಲ್ಲು ಪಡೆಯಿರಿ, ನಿಮ್ಮೆದುರೇ ಬಟ್ಟೆ ಹಾಕಿ ಒಂದು ಪೂರ್ತಿ ಸ್ಪಿನ್ ಓಡಿಸಿ ತೋರಿಸಲು ಹೇಳಿ, ಆಮೇಲೆ ಹಣ ಕೊಡಿ. ಮೋಸವಾಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೂ ದೂರು ಹೇಳಿಕೊಳ್ಳಬಹುದು.